ನಕ್ಕವರು ಅಷ್ಟೇ ಮಂದಿಯೇ? ತುರ್ತುಪರಿಸ್ಥಿತಿಯ ಸಾಕ್ಷ್ಯಚಿತ್ರ ತಂಡಕ್ಕೊಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರಿಗೆ ಹಾಗೂ ಚಿತ್ರಕ್ಕೆ ಹಣ ಒದಗಿಸಿದ ಸಂಸ್ಥೆಯ ಪದಾಧಿಕಾರಿಗಳಿಗೆ,

ನಮಸ್ಕಾರಗಳು.

ಇಂದಿರಾ ಗಾಂಧಿಯವರ ಸರ್ಕಾರ 1975ರಲ್ಲಿ ಹೇರಿದ ತುರ್ತುಪರಿಸ್ಥಿತಿಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಆ ಕಾಲದ ರಾಜಕೀಯ ವಿಡಂಬನೆಯನ್ನು ಕುರಿತು ತಾವು ತಯಾರಿಸಿರುವ ಸಾಕ್ಷ್ಯಚಿತ್ರದ ಪೂರ್ವಪ್ರದರ್ಶನವನ್ನು ಬೆಂಗಳೂರಿನಲ್ಲಿ ನೋಡಿದೆ. ಪ್ರದರ್ಶನದ ನಂತರದ ಸಂವಾದದಲ್ಲಿ ನಾನೊಂದು ಪ್ರಶ್ನೆ ಕೇಳಿದೆ. ಈ ಚಿತ್ರದಲ್ಲಿ ಹೆಂಗಸರೆಲ್ಲಿ, ದಿಲ್ಲಿ ಮುಂಬಯಿಗಳ ಇಂಗ್ಲಿಷ್ ಪತ್ರಿಕೆಗಳಿಂದಾಚೆಗಿನವರೆಲ್ಲಿ ಎಂದು. "ಆಗ ಇದ್ದದ್ದೇ ಅಷ್ಟು ಮೇಡಂ, ಇಲ್ಲದ್ದನ್ನು ಎಲ್ಲಿಂದ ತರಲಿ?" ಎಂದಿರಿ. ಸಭೆ ನಕ್ಕಿತು, ಮೈಕು ಮುಂದಿನ ಸಾಲಿಗೆ ಹೋಯಿತು. ಚಿತ್ರದ ಅಂತಿಮ ರೂಪ ಇನ್ನೂ ಸಿದ್ಧವಾಗಬೇಕಿದೆ, ಆಮೇಲೆ ಅದನ್ನು ಕಾಲೇಜುಗಳಿಗೆ ಒಯ್ಯುತ್ತೇವೆ ಎಂದು ತಾವೇ ವೇದಿಕೆಯ ಮೇಲೆ ಹೇಳಿದ್ದೀರಿ. ಹಾಗಿದ್ದರೆ ತಿದ್ದಲು ಕಾಲ ಮೀರಿಲ್ಲ. ತಮ್ಮ ಕಚೇರಿಗೆ ಬರೆದ ಪತ್ರಕ್ಕೆ ಉತ್ತರ ಬಾರದ ಕಾರಣ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಚಿತ್ರ ಕೆಟ್ಟದಾಗಿದೆ ಎಂದು ನಾನು ಹೇಳುತ್ತಿಲ್ಲ. 1975ರ ಜೂನ್ 25ರ ರಾತ್ರಿ ದಿಲ್ಲಿಯ ಪತ್ರಿಕಾ ಮುದ್ರಣಾಲಯಗಳ ವಿದ್ಯುತ್ ಕಡಿತಗೊಂಡದ್ದನ್ನು ಕತ್ತಲೆಯ ಪರದೆಯಲ್ಲಿ, ಯಂತ್ರಗಳು ಒಂದೊಂದಾಗಿ ನಿಲ್ಲುವ ಸದ್ದಿನಲ್ಲೇ ಹೇಳಿದ್ದೀರಿ. ಅಬು ಅಬ್ರಹಾಂ ಅವರ ಪ್ರಸಿದ್ಧ ವ್ಯಂಗ್ಯಚಿತ್ರವನ್ನು ತೋರಿಸಿದ ರೀತಿಯಂತೂ ಬಹಳ ಚೆನ್ನಾಗಿದೆ. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಮಾಡಿ ಹೊರಗೆ ಚಾಚುತ್ತಾರೆ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳು ಎನ್ನುತ್ತಾರೆ. ಮೊದಲು ಚಾಚಿದ ಕೈ, ಆಮೇಲೆ ಕಾಗದ, ಕೊನೆಗೆ ಒದ್ದೆ ಮೈಯ ರಾಷ್ಟ್ರಪತಿ. ಕ್ಯಾಮೆರಾ ಹಾಗೆ ನಿಧಾನವಾಗಿ ಹಿಂದೆ ಸರಿದಾಗ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಮೊದಲ ಸಲ ಆ ಚಿತ್ರ ನೋಡಿ ನಕ್ಕದ್ದನ್ನು ಕೇಳಿಸಿಕೊಂಡೆ. 1975ರ ಆಗಸ್ಟ್ ಕೊನೆಗೆ ವ್ಯಂಗ್ಯಚಿತ್ರಗಳ ವಾರಪತ್ರಿಕೆ 'ಶಂಕರ್ಸ್ ವೀಕ್ಲಿ' ಮುಚ್ಚಿದ್ದು, ಮುಂಬಯಿಯ ಪತ್ರಿಕೆಯೊಂದರ ನಿಧನವಾರ್ತೆಗಳ ನಡುವೆ 'ಡೆಮಾಕ್ರಸಿ' ತೀರಿಕೊಂಡ ಸುದ್ದಿ ನುಸುಳಿದ್ದು, ಎಲ್ಲವೂ ಇವೆ. ಇಷ್ಟು ಬಲ್ಲವರು ಉಳಿದದ್ದನ್ನು ಬಿಟ್ಟದ್ದೇಕೆ ಎಂಬುದೇ ನನ್ನ ತಕರಾರು.

ನಾನು ಕಂಡದ್ದನ್ನು ಹೇಳುತ್ತೇನೆ. ಚಿತ್ರದಲ್ಲಿ ಪರಿಣತರೆಂದು ಮಾತನಾಡುವವರೆಲ್ಲರೂ ಗಂಡಸರು. ಹೆಣ್ಣುದನಿ ಒಂದೇ ಒಂದು. ವ್ಯಂಗ್ಯಚಿತ್ರಕಾರರೊಬ್ಬರ ಮಗಳು ಅಪ್ಪನಿಗೆ ಎಂಥ ಕಾಫಿ ಇಷ್ಟವಿತ್ತು ಎಂಬುದನ್ನು ಹೇಳುತ್ತಾರೆ. ಅವರನ್ನು ಬೇರೇನೂ ಕೇಳಿದಂತಿಲ್ಲ. ಚೋ ರಾಮಸ್ವಾಮಿಯವರ ತಮಿಳು 'ತುಘಲಕ್' ಪತ್ರಿಕೆ ತುರ್ತುಪರಿಸ್ಥಿತಿಗೆ ಉತ್ತರವಾಗಿ ಕಪ್ಪು ಮುಖಪುಟ ಹೊತ್ತು ಬಂದಿತ್ತು. ಅದು ತೆರೆಯ ಮೇಲೆ ಮಿಂಚಿ ಮರೆಯಾಗುತ್ತದೆ, ಕೆಳಗಿನ ಅಡಿಬರಹ 'ಪ್ರಾದೇಶಿಕ ಪತ್ರಿಕೆ' ಎಂದಷ್ಟೇ. ಹೆಸರಿಲ್ಲ, ಸಂಪಾದಕರಿಲ್ಲ, ಭಾಷೆ ಯಾವುದೆಂದೂ ಇಲ್ಲ. ಆರ್.ಕೆ. ಲಕ್ಷ್ಮಣ್ ಇದ್ದಾರೆ, ಆದರೆ ಅವರು ಮೈಸೂರಿನವರು, ಮುಂಬಯಿಗೆ ಹೋಗುವ ಮೊದಲೇ ರಾಶಿಯವರ ಕನ್ನಡ ಹಾಸ್ಯಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದವರು ಎಂಬುದಕ್ಕೆ ಅರ್ಧ ವಾಕ್ಯವೂ ಸಿಕ್ಕಿಲ್ಲ. ಇದನ್ನು ಕನ್ನಡಾಭಿಮಾನದಿಂದ ಹೇಳುತ್ತಿಲ್ಲ (ಅದೂ ಸ್ವಲ್ಪ ಇದೆ ಅನ್ನಿ). ದೇಶಭಾಷೆಗಳ ನಗೆಪತ್ರಿಕೆಗಳ ಗರಡಿಯಲ್ಲಿ ಪಳಗಿದವರನ್ನೂ ನೀವು ಇಂಗ್ಲಿಷಿನಲ್ಲೇ ಹುಟ್ಟಿದವರಂತೆ ತೋರಿಸಿದ್ದೀರಿ.

ಚಿತ್ರದ ನಡುಭಾಗದಲ್ಲಿ ನಿರೂಪಕರ ಮಾತೊಂದಿದೆ: ತುರ್ತುಪರಿಸ್ಥಿತಿಯ ಇಪ್ಪತ್ತೊಂದು ತಿಂಗಳು ಬೆರಳೆಣಿಕೆಯ ಧೀರರನ್ನು ಬಿಟ್ಟರೆ ದೇಶ ನಗುವುದನ್ನೇ ಮರೆತಿತ್ತು ಎಂದು. ನನ್ನ ಆಕ್ಷೇಪಣೆಯ ತಿರುಳು ಇಲ್ಲಿದೆ. ಸೆನ್ಸಾರ್ ಕತ್ತರಿ ಮೊದಲು ಬಿದ್ದದ್ದು ಅಚ್ಚಾಗುವ ಕಾಗದದ ಮೇಲೆ. ಆ ಕತ್ತರಿಯಿಂದ ಪಾರಾಗಿ ಉಳಿದ ಕಾಗದವನ್ನಷ್ಟೇ ಮುಂದಿಟ್ಟುಕೊಂಡು, ಉಳಿದ ದೇಶ ಬಾಯಿ ಮುಚ್ಚಿಕೊಂಡಿತ್ತು ಎಂದು ತೀರ್ಮಾನಿಸಿದರೆ ಸೆನ್ಸಾರ್ ಅಧಿಕಾರಿಯ ಲೆಕ್ಕವನ್ನೇ ನಾವು ಐವತ್ತು ವರ್ಷಗಳ ಬಳಿಕ ಒಪ್ಪಿಕೊಂಡಂತಾಗುತ್ತದೆ. ಬರೆದವರಿಗೆ ಯಾವ ಆಸರೆ ಇತ್ತು ಎಂಬುದನ್ನೂ ನೀವು ಹೇಳಿಲ್ಲ. ಅಬು ಅಬ್ರಹಾಂ ಅಂಥ ದಿಟ್ಟ ಚಿತ್ರ ಬರೆದಾಗ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. ಅದರಿಂದ ಅವರ ಕೆಚ್ಚು ಕಡಿಮೆಯಾಗುವುದಿಲ್ಲ. ಆದರೆ ಊರಿಂದೂರಿಗೆ ಡೇರೆ ಹೊತ್ತು ಸಾಗುವ ನಾಟಕ ಕಂಪನಿಯ ನಟಿಗೆ ಅಂಥ ಕುರ್ಚಿಯೂ ಇರಲಿಲ್ಲ, ಪತ್ರಿಕೆಯ ಮಾಲೀಕನ ಬೆನ್ನಾಸರೆಯೂ ಇರಲಿಲ್ಲ. ಅಂಥವರು ನಕ್ಕಿದ್ದರೆ ಅದನ್ನು ಎಲ್ಲಿ ಹುಡುಕಬೇಕು ಎಂದು ಕೇಳಿಕೊಳ್ಳುವುದು ಸಾಕ್ಷ್ಯಚಿತ್ರದ ಕೆಲಸ.

ಹುಡುಕಿದ್ದರೆ ಸಿಗುತ್ತಿತ್ತು. ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿದ ಯಾರನ್ನಾದರೂ ಕೇಳಿ. 'ಲಂಚಾವತಾರ'ದ ಅಚ್ಚಾದ ಪ್ರತಿಯಲ್ಲಿರುವುದು ಅಸ್ಥಿಪಂಜರ ಮಾತ್ರ. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಆಟದಲ್ಲಿ ಮಾತಾಗಿ ಬರುತ್ತಿತ್ತು, ಆ ಊರಿನ ಅಧಿಕಾರಿ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಅವನಿಗೂ ಪಾಲು ಸಿಗುತ್ತಿತ್ತು. ಪರವಾನಗಿಗಾಗಿ ಕೊಡುವ ಹಸ್ತಪ್ರತಿಯಲ್ಲಿ ಇಲ್ಲದ ಮಾತನ್ನು ಯಾವ ಸೆನ್ಸಾರ್ ಹೊಡೆದುಹಾಕಲು ಸಾಧ್ಯ? ಕಂಪನಿ ನಾಟಕಗಳಲ್ಲಿ ಆ ಮಾತಿಗೆ ಎದುರು ಮಾತು ಎಸೆದು ನಗೆಯನ್ನು ದುಪ್ಪಟ್ಟು ಮಾಡುತ್ತಿದ್ದ ನಟಿಯರ ಹೆಸರುಗಳು ಹಳೆಯ ಕರಪತ್ರಗಳ ಕೊನೆಯ ಸಾಲಿನಲ್ಲಿ ಉಳಿದಿವೆ, ಕೆಲವೊಮ್ಮೆ ಅಲ್ಲಿಯೂ ಇಲ್ಲ. ಅವರಲ್ಲಿ ಬದುಕಿರುವವರು ಈಗ ಎಪ್ಪತ್ತೈದು ದಾಟಿದ್ದಾರೆ.

ಧಾರವಾಡಕ್ಕೆ ಹೋಗಿದ್ದರೆ ಚಂದ್ರಶೇಖರ ಪಾಟೀಲರ, ನಮ್ಮೆಲ್ಲರ ಚಂಪಾ ಅವರ, ಕಾಗದಪತ್ರ ಸಿಗುತ್ತಿತ್ತು. ವ್ಯಂಗ್ಯವನ್ನೇ ಉಸಿರಾಡಿದ ಕವಿ, ನಾಟಕಕಾರ, 'ಸಂಕ್ರಮಣ' ಸಾಹಿತ್ಯ ಪತ್ರಿಕೆಯ ಸಂಪಾದಕ, ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡವರು. ಬೆಂಗಳೂರಿನಲ್ಲಿ 'ಸಮುದಾಯ' ರಂಗತಂಡ ಹುಟ್ಟಿದ್ದು 1975ರಲ್ಲಿ. ಬಿಹಾರದ ಬೆಲ್ಚಿಯಲ್ಲಿ ದಲಿತರ ಕೊಲೆಯಾದ ಮೇಲೆ ಅದೇ ಹೆಸರಿನ ಬೀದಿನಾಟಕವನ್ನು ಊರೂರಿಗೆ ಒಯ್ದವರು ಅವರು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದೂ 1975ರಲ್ಲಿ. ಅದರಲ್ಲಿರುವುದು ಸಿಟ್ಟು, ವಿಡಂಬನೆಯಲ್ಲ ಎಂದು ತಾವು ಹೇಳಬಹುದು. ಸಿದ್ದಲಿಂಗಯ್ಯನವರ ಭಾಷಣ ಕೇಳಿದವರಿಗೆ ಗೊತ್ತು, ಅವರಲ್ಲಿ ಸಿಟ್ಟು ಮತ್ತು ನಗೆ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಕರ್ನಾಟಕವನ್ನೇ ನೋಡಬೇಕೆಂದೂ ಇಲ್ಲ. ನೀವು ವಾಸವಿರುವ ದಿಲ್ಲಿಯಲ್ಲೇ, ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿದ ಅಲಹಾಬಾದ್ ಹೈಕೋರ್ಟಿನ ತೀರ್ಪು ಬಂದ ಬೆನ್ನಿಗೆ, ಜನ ನಾಟ್ಯ ಮಂಚ ಎಂಬ ರಂಗತಂಡದವರು ಬೋಟ್ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ 'ಕುರ್ಸಿ ಕುರ್ಸಿ ಕುರ್ಸಿ' ಆಡಿದರು. ರಾಜ ಎದ್ದರೆ ಸಿಂಹಾಸನವೂ ಅವನಿಗೆ ಅಂಟಿಕೊಂಡೇ ಏಳುತ್ತದೆ, ಅಷ್ಟೇ ಕಥೆ. ಅದು ನಿಮ್ಮ ಕಚೇರಿಯಿಂದ ಆಟೋ ದೂರದಲ್ಲಿ ನಡೆದದ್ದು. ನಾಗಾರ್ಜುನ ಎಂಬ ಮೈಥಿಲಿ-ಹಿಂದಿ ಕವಿ ಬಿಹಾರದ ಬೀದಿಗಳಲ್ಲಿ ನಿಂತು ಪ್ರಧಾನಿಯನ್ನು ಹೆಸರು ಹಿಡಿದೇ ಗೇಲಿ ಮಾಡುವ ಪದ್ಯ ಓದಿ, ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿದರು. ಅವರೂ ಇಲ್ಲ.

ಇನ್ನು ಫ್ರೀಡಂ ಪಾರ್ಕಿನ ದೃಶ್ಯ. ಈಗ ಉದ್ಯಾನವಾಗಿರುವ ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವನ್ನು ತಾವು ಸಾಕಷ್ಟು ಹೊತ್ತು ತೋರಿಸಿದ್ದೀರಿ. ಅಟಲ್ ಬಿಹಾರಿ ವಾಜಪೇಯಿಯವರು ಬಂಧನದ ದಿನಗಳಲ್ಲಿ 'ಕೈದಿ ಕವಿರಾಯ' ಎಂಬ ಅಂಕಿತದಿಂದ ಬರೆದ ಚುಟುಕು ಪದ್ಯಗಳನ್ನು ಆ ಗೋಡೆಗಳ ಮೇಲೆ ಓದಿಸಿದ್ದೀರಿ. ಒಳ್ಳೆಯದೇ, ಅವು ಅಲ್ಲಿರಬೇಕು. ಆದರೆ ಅದೇ ಜೈಲಿನ ಮಹಿಳಾ ವಿಭಾಗದಲ್ಲಿ 1976ರ ಮೇ ತಿಂಗಳಿನಿಂದ ಇದ್ದವರು ಸ್ನೇಹಲತಾ ರೆಡ್ಡಿ. ರಂಗಭೂಮಿಯ ಕಲಾವಿದೆ, 'ಸಂಸ್ಕಾರ' ಚಿತ್ರದ ಚಂದ್ರಿ. ಸರ್ಕಾರದ ವಿರುದ್ಧ ಸ್ಫೋಟದ ಸಂಚು ಎಂದು ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಹಿಡಿದರು, ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆದರೂ ವಿಚಾರಣೆಯಿಲ್ಲದೆ ಬಂಧಿಸಿಡಬಹುದಾಗಿದ್ದ ಮೀಸಾ ಕಾಯ್ದೆಯಡಿ ಒಳಗಿಟ್ಟರು. ಆಸ್ತಮಾ ಉಲ್ಬಣಿಸಿದ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಮನೆಗೆ ಬಂದು ಒಂದು ವಾರವೂ ಬದುಕಲಿಲ್ಲ. ಅವರು ಜೈಲಿನಲ್ಲಿ ಬರೆದ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂದಿದೆ. ಸ್ನೇಹಲತಾ ವಿಡಂಬನಕಾರರಲ್ಲ, ನಿಜ. ಆದರೆ ನಿಮ್ಮ ಚಿತ್ರ ಕೇವಲ ವಿಡಂಬನಕಾರರಿಗೆ ಮೀಸಲಾಗಿಲ್ಲವಲ್ಲ! ಕಲಾವಿದರು, ಬುದ್ಧಿಜೀವಿಗಳು ಹೇಗೆ ಸುಮ್ಮನಾದರು ಎಂಬುದಕ್ಕೆ ಒಂದು ಇಡೀ ಅಧ್ಯಾಯವಿದೆ. ಆ ಅಧ್ಯಾಯದಲ್ಲಿ ಜೈಲಿನಿಂದ ಹೊರಬಂದು ತೀರಿಕೊಂಡ ನಟಿ ಇಲ್ಲ, 1975ರ ಡಿಸೆಂಬರಿನಲ್ಲಿ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದಲೇ ವಿರೋಧ ಸೂಚಿಸಿ ಮುಂದೆ ಬಂಧನಕ್ಕೊಳಗಾದ ದುರ್ಗಾ ಭಾಗವತ್ ಇಲ್ಲ, ಪದ್ಮಭೂಷಣ ಹಿಂದಿರುಗಿಸಿದ ಶಿವರಾಮ ಕಾರಂತರೂ ಇಲ್ಲ. ಸುಮ್ಮನಿರದವರನ್ನೆಲ್ಲ ಹೊರಗಿಟ್ಟು ಎಲ್ಲರೂ ಸುಮ್ಮನಿದ್ದರು ಎಂದು ತೋರಿಸುವುದು ಸುಲಭ.

'ಕಿಸ್ಸಾ ಕುರ್ಸಿ ಕಾ' ಚಿತ್ರದ ಕಥೆಯನ್ನು ತಾವು ವಿವರವಾಗಿ ಹೇಳಿದ್ದೀರಿ. ಅಮೃತ್ ನಾಹಟಾ ಎಂಬ ಆಡಳಿತ ಪಕ್ಷದ್ದೇ ಸಂಸದರು ತೆಗೆದ ಚಿತ್ರ, ಸುಟ್ಟುಹಾಕಿದ ಪ್ರತಿಗಳು, ಪ್ರಧಾನಿಯ ಮಗ ಸಂಜಯ್ ಗಾಂಧಿ ಮತ್ತು ಆಗಿನ ವಾರ್ತಾ ಸಚಿವ ವಿ.ಸಿ. ಶುಕ್ಲಾ ಮೇಲಿನ ಮೊಕದ್ದಮೆ, 1979ರಲ್ಲಿ ಶಿಕ್ಷೆ, ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಖುಲಾಸೆ. ಆ ಚಿತ್ರದಲ್ಲಿ ಶಬಾನಾ ಆಜ್ಮಿಯವರದು 'ಜನತಾ' ಎಂಬ ಪಾತ್ರ. ದೇಶದ ಜನರನ್ನು ಪ್ರತಿನಿಧಿಸುವ ಆಕೆ ಮೂಗಿ. ಇದನ್ನೂ ತಾವು ತೋರಿಸಿದ್ದೀರಿ, ಅದರ ಅರ್ಥವನ್ನು ವಿವರಿಸಲು ಇಬ್ಬರು ಗಂಡಸರನ್ನು ಕೂರಿಸಿದ್ದೀರಿ. ಸಂಕಲನದ ಕೋಣೆಯಲ್ಲಿ ಯಾರಿಗೂ ಇದು ವಿಚಿತ್ರವೆನಿಸಲಿಲ್ಲವೇ?

ಹೆಣ್ಣಿನ ಪ್ರಶ್ನೆ ಇನ್ನೊಂದು ಕಡೆಯಿಂದಲೂ ಬರುತ್ತದೆ, ಅದನ್ನು ತಾವು ಮುಟ್ಟಿಯೇ ಇಲ್ಲ. ಇಲ್ಲಿ ಸರ್ವಾಧಿಕಾರ ನಡೆಸಿದವರು ಒಬ್ಬ ಮಹಿಳೆ. ಅವರನ್ನು ಗೇಲಿ ಮಾಡಿದವರಲ್ಲಿ ಹಲವರು ಅವರ ಅಧಿಕಾರವನ್ನು ಬಿಟ್ಟು ಅವರ ಹೆಣ್ತನವನ್ನು ಗೇಲಿ ಮಾಡಿದರು. ಸಮಾಜವಾದಿ ನಾಯಕ ಲೋಹಿಯಾ ಅವರ 'ಗೂಂಗಿ ಗುಡಿಯಾ', ಅಂದರೆ ಮೂಕ ಗೊಂಬೆ, ಮೊದಲಿನದು. 'ಸಂಪುಟದಲ್ಲಿರುವ ಒಬ್ಬನೇ ಗಂಡಸು' ಎಂಬ ಹಳಸಲು ಜೋಕು ನಂತರದ್ದು. ನಿಮ್ಮ ಚಿತ್ರದಲ್ಲಿ ಆ ಜೋಕನ್ನು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ತೊಡೆ ತಟ್ಟಿಕೊಂಡು ನಗುತ್ತಾರೆ, ಚಿತ್ರ ಮುಂದೆ ಹೋಗುತ್ತದೆ. ವಿಚಾರಣೆಯಿಲ್ಲದೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೆ ಹಾಕಿದ ಸರ್ಕಾರವನ್ನು ನಗೆಪಾಟಲು ಮಾಡಲು ಅವರು ಹೆಣ್ಣೆಂಬುದೇ ಸಿಕ್ಕಿತೇ, ಆ ನಗೆ ಯಾರಿಗೆ ಹಿತವಾಗಿತ್ತು, ಅದನ್ನು ಕೇಳಿದ ಹೆಂಗಸರಿಗೆ ಏನನಿಸಿತು? ಒಬ್ಬ ಮಹಿಳಾ ವ್ಯಂಗ್ಯಚಿತ್ರಕಾರ್ತಿಯನ್ನು ಕೂರಿಸಿ ಕೇಳಿದ್ದರೆ ಆ ಭಾಗ ಬೇರೆಯದೇ ಆಗುತ್ತಿತ್ತು. ಬೆಂಗಳೂರಿನ ಮಾಯಾ ಕಾಮತ್ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆಯತೊಡಗಿದ್ದು ಎಂಬತ್ತರ ದಶಕದಲ್ಲಿ. ಅವರು 2001ರಲ್ಲೇ ತೀರಿಕೊಂಡರು, ಚಿತ್ರಗಳು ಮುಂಬಯಿಯ ಮಹಿಳಾ ದಾಖಲೆಗಳ ಸಂಗ್ರಹಾಲಯ 'ಸ್ಪ್ಯಾರೋ'ದಲ್ಲಿವೆ. ಅದಕ್ಕೆ ಮೊದಲು ಆ ಪುಟಗಳು ಗಂಡಸರದೇ ಏಕಾಗಿದ್ದವು ಎಂಬುದೇ ಒಂದು ಕಥೆ. 'ಆಗ ಇರಲಿಲ್ಲ' ಎನ್ನುವುದು ಉತ್ತರವಾಗುವುದಿಲ್ಲ. ಏಕಿರಲಿಲ್ಲ ಎಂದು ಅಲ್ಲಿಂದ ಪ್ರಶ್ನೆ ಶುರುವಾಗಬೇಕು.

ಅಚ್ಚಿಗೆ ಬಾರದ ನಗೆಯ ಮಾತಾಡಿದೆನಲ್ಲ, ಅದಕ್ಕೊಂದು ಉದಾಹರಣೆ. 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಬಹುಪಾಲು ಗಂಡಸರಿಗೆ. 1977ರ ಚುನಾವಣೆ ಬಂದಾಗ ಉತ್ತರದ ಹಳ್ಳಿಗಳಲ್ಲಿ ಎದ್ದ ಘೋಷಣೆಯೊಂದು ಹೀಗಿತ್ತು: ಹೊಲ ಹೋಯಿತು ಚಕಬಂದಿಯಲ್ಲಿ, ಮನೆ ಹೋಯಿತು ಹದಬಂದಿಯಲ್ಲಿ, ಬಾಗಿಲಲ್ಲಿ ನಿಂತ ಹೆಂಗಸು ಕೂಗುತ್ತಾಳೆ, ನನ್ನ ಗಂಡ ಹೋದ ನಸಬಂದಿಯಲ್ಲಿ. ಚಕಬಂದಿ ಎಂದರೆ ತುಂಡು ಹೊಲಗಳ ಒಗ್ಗೂಡಿಕೆ, ಹದಬಂದಿ ಎಂದರೆ ಮಿತಿ ಗೊತ್ತುಪಡಿಸುವುದು, ನಸಬಂದಿ ಎಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ. ಕಟ್ಟಿದವರು ಯಾರೋ ತಿಳಿಯದು. ಪ್ರಾಸ ನೋಡಿ, ಸರ್ಕಾರದ ಮೂರು ಯೋಜನೆಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಚಾಕಚಕ್ಯತೆ ನೋಡಿ. ಅದರಲ್ಲಿ ಬಾಯಿಬಿಟ್ಟು ಮಾತನಾಡುವವಳು ಬಾಗಿಲಲ್ಲಿ ನಿಂತ ಹೆಂಗಸು. ಆ ಇಪ್ಪತ್ತೊಂದು ತಿಂಗಳ ರಾಜಕೀಯ ವಿಡಂಬನೆಯಲ್ಲಿ ಮತಪೆಟ್ಟಿಗೆಯವರೆಗೆ ನಡೆದುಹೋದದ್ದು ಇಂಥದ್ದೇ. ನಿಮ್ಮ ಚಿತ್ರದಲ್ಲಿ ಹಳೆ ದಿಲ್ಲಿಯ ತುರ್ಕಮಾನ್ ಗೇಟಿನ ಮನೆಗಳನ್ನು ಕೆಡವುವ ಚಿತ್ರಗಳಿವೆ, ಹಿನ್ನೆಲೆಯಲ್ಲಿ ಶೋಕದ ಸಾರಂಗಿ ಇದೆ. ಅಲ್ಲಿ ಬದುಕಿದವರಲ್ಲಿ ಒಬ್ಬರ ಮಾತೂ ಇಲ್ಲ. ಅವರು ಅತ್ತದ್ದು ಮಾತ್ರವೇ ನಿಮಗೆ ಬೇಕಾಗಿತ್ತೇ? ತಮ್ಮ ಮೇಲೆ ಬುಲ್ಡೋಜರ್ ಹರಿಸಿದವರನ್ನು ಕುರಿತು ಅವರೊಳಗೆ ಯಾವ ಅಣಕವೂ ಹುಟ್ಟಿರಲಿಕ್ಕಿಲ್ಲ ಎಂದು ಮೊದಲೇ ತೀರ್ಮಾನಿಸಿದಂತಿದೆ.

ಇನ್ನೊಂದು ಮಾತು ಹೇಳಲೇಬೇಕು, ನನ್ನ ಸ್ನೇಹಿತರಿಗೇ ಅದು ರುಚಿಸದಿರಬಹುದು. ವೈವಿಧ್ಯ ಎಂದರೆ ಆಳುವವರ ವಿರುದ್ಧ ನಕ್ಕವರ ಪಟ್ಟಿಯನ್ನು ಉದ್ದ ಮಾಡುವುದಷ್ಟೇ ಆಗಬಾರದು. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ದೇವರಾಜ ಅರಸರ ಕಾಲದ ಭೂಸುಧಾರಣೆ, ಹಿಂದುಳಿದ ವರ್ಗಗಳನ್ನು ಕುರಿತು 1975ರಲ್ಲಿ ಬಂದ ಹಾವನೂರ ಆಯೋಗದ ವರದಿ, ಜೀತಪದ್ಧತಿಯ ನಿಷೇಧ ಇವೆಲ್ಲ ಆ ಮತಗಳ ಹಿಂದೆ ಇದ್ದವು. ಗೇಣಿ ಭೂಮಿಗೆ ಒಡೆಯನಾದವನಿಗೆ, ಜೀತದಿಂದ ಬಿಡುಗಡೆಯಾದವನಿಗೆ ದಿಲ್ಲಿಯ ವ್ಯಂಗ್ಯಚಿತ್ರ ನಗು ತರಿಸಿತೇ? ತರಿಸದಿದ್ದರೆ ಅವನು ಹೆಡ್ಡನೇ? ನಿಮ್ಮ ಚಿತ್ರದಲ್ಲಿ ದಕ್ಷಿಣದ ಮತದಾರನನ್ನು ಒಬ್ಬ ಹಿರಿಯ ಪತ್ರಕರ್ತರು 'ಸುದ್ದಿ ಮುಟ್ಟದವನು' ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಸುದ್ದಿ ಮುಟ್ಟಿತ್ತು. ಅವನ ಮುಂದೆ ಬೇರೆ ಲೆಕ್ಕವೂ ಇತ್ತು. ಸೆರೆಮನೆಯ ಸಂಕಟ ಮತ್ತು ಭೂನ್ಯಾಯ ಮಂಡಳಿಯ ಆದೇಶ ಎರಡೂ ಒಂದೇ ಕಾಲದಲ್ಲಿ, ಒಂದೇ ರಾಜ್ಯದಲ್ಲಿ ಇದ್ದವು. ಈ ಇಕ್ಕಟ್ಟನ್ನು ತೋರಿಸುವ ಧೈರ್ಯ ನಿಮ್ಮ ಚಿತ್ರಕ್ಕೆ ಬಂದರೆ ಕಾಲೇಜು ಹುಡುಗರು ಅದನ್ನು ನೋಡಿ ವಾದ ಮಾಡುತ್ತಾರೆ. ಈಗಿರುವಂತೆ ಕಳುಹಿಸಿದರೆ ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾರೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ದೇಶ ನಗುವುದನ್ನು ಮರೆತಿತ್ತು ಎಂಬ ನಿರೂಪಣೆಯ ವಾಕ್ಯವನ್ನು ತೆಗೆದುಹಾಕಿ, ಅದು ಸುಳ್ಳು. 'ಪ್ರಾದೇಶಿಕ ಪತ್ರಿಕೆ' ಎಂಬ ಅಡಿಬರಹದ ಜಾಗದಲ್ಲಿ ಹೆಸರು, ಸಂಪಾದಕರು, ಭಾಷೆ ಬರಲಿ. ಫ್ರೀಡಂ ಪಾರ್ಕಿನ ದೃಶ್ಯಕ್ಕೆ ಮಹಿಳಾ ಕೈದಿಗಳು ಸೇರಲಿ, ಸ್ನೇಹಲತಾ ಅವರ ದಿನಚರಿಯಿಂದ ಒಂದು ಪುಟವನ್ನಾದರೂ ಓದಿಸಿ. ಇಂದಿರಾ ಗಾಂಧಿಯವರನ್ನು ಕುರಿತ ಹೆಣ್ಣುಗೇಲಿಯ ಭಾಗವನ್ನು ಕತ್ತರಿಸಬೇಡಿ, ಉಳಿಸಿಕೊಂಡು ಅದರ ಬಗ್ಗೆ ಮಹಿಳೆಯರಿಂದ ಮಾತನಾಡಿಸಿ. ಕಂಪನಿ ನಾಟಕದ ಕಲಾವಿದೆಯರು, ಬೀದಿನಾಟಕ ಆಡಿದವರು, ತುರ್ಕಮಾನ್ ಗೇಟಿನ ನಿವಾಸಿಗಳು ಇವರ ಸಂದರ್ಶನಕ್ಕೆ ಹೆಚ್ಚಿನ ಹಣ ಬೇಕಾದರೆ ಹಣ ಒದಗಿಸಿದ ಸಂಸ್ಥೆಯೇ ಅದನ್ನು ಕೊಡಬೇಕು, ಏಕೆಂದರೆ ಸಾರ್ವಜನಿಕರಿಂದ ವಂತಿಗೆ ಎತ್ತುವಾಗ 'ಇಡೀ ದೇಶದ ಕಥೆ' ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದು ಅವರೇ. ಚಿತ್ರದಲ್ಲಿ ಸೇರಿಸಲಾಗದ ಸಂದರ್ಶನಗಳನ್ನೂ ಪೂರ್ತಿಯಾಗಿ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ.

ಎಲ್ಲರನ್ನೂ ಸೇರಿಸುತ್ತಾ ಹೋದರೆ ಚಿತ್ರ ಎಲ್ಲಿ ಮುಗಿಯುತ್ತದೆ ಎಂದು ತಮ್ಮ ಸಹಾಯಕರೊಬ್ಬರು ಹೊರಗೆ ಚಹಾ ಕುಡಿಯುವಾಗ ನನ್ನನ್ನು ಕೇಳಿದರು. ಕಾಫಿಯ ಕಥೆಯನ್ನೂ ತೊಡೆ ತಟ್ಟಿದ ನಗೆಯನ್ನೂ ಕಡಿಮೆ ಮಾಡಿದರೆ ಸಾಕಷ್ಟು ಜಾಗ ಸಿಗುತ್ತದೆ ಎಂದು ಅವರಿಗೆ ಹೇಳಿದೆ. ತಮಗೂ ಅದನ್ನೇ ಹೇಳುತ್ತೇನೆ. ಧಾರವಾಡ, ಮೈಸೂರು, ಶಿವಮೊಗ್ಗ, ಗುಬ್ಬಿಗಳಲ್ಲಿ ಮಾತನಾಡಿಸಬೇಕಾದವರ ಪಟ್ಟಿಯೊಂದನ್ನು ಗೆಳತಿಯರ ಜೊತೆ ಸೇರಿ ಸಿದ್ಧಮಾಡಿದ್ದೇನೆ. ಅವರ ಒಪ್ಪಿಗೆ ಪಡೆದು, ತಾವು ಕೇಳಿದ ದಿನ ಕಳುಹಿಸುತ್ತೇನೆ. ಪಟ್ಟಿಯಲ್ಲಿರುವ ಇಬ್ಬರು ಹಾಸಿಗೆ ಹಿಡಿದಿದ್ದಾರೆ, ಆದ್ದರಿಂದ ಬರುವುದಾದರೆ ಮಳೆಗಾಲಕ್ಕೆ ಮುಂಚೆ ಬನ್ನಿ. ಕನ್ನಡ ಬಲ್ಲವರೊಬ್ಬರು ತಮ್ಮ ಜೊತೆಗಿರಲಿ.

ತಮ್ಮ ಉತ್ತರವನ್ನು ನಿರೀಕ್ಷಿಸುತ್ತಾ,

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ
ಶಿವಮೊಗ್ಗ